ಪರಮಪ್ರಸಾದಕ್ಕೆ ಮುಂಚೆ ಕಾಫಿ, ಮಾತ್ರೆ

ಚರ್ಚಿನಲ್ಲಿ ಬೆಳಿಗ್ಗೆ ಏಳರ ಪೂಜೆಗೆ ಮುಂಚೆ ಬಿಪಿ ಮಾತ್ರೆ, ಕಾಫಿ ತಗೊಂಡು ಪರಮಪ್ರಸಾದ (ಪೂಜೆಯಲ್ಲಿ ಕೊಡೋ ಪವಿತ್ರ ರೊಟ್ಟಿ) ಸ್ವೀಕರಿಸಬಹುದಾ ಅಂತ ಕೇಳಿದ್ದೀರಿ. ಕಥೋಲಿಕ ನಿಯಮದ ಪ್ರಕಾರ ಮಾತ್ರೆ, ನೀರು ಯಾವಾಗ ಬೇಕಾದ್ರೂ ಸರಿ. ಕಾಫಿಗೆ ಮಾತ್ರ ಒಂದು ಗಂಟೆ ಅಂತರ ಬೇಕು. ಹೆಚ್ಚಿನವರು ಎಡವೋದು ಇಲ್ಲೇ: ಗಂಟೆ ಎಣಿಸೋದು ಪೂಜೆ ಶುರುವಾಗೋ ಹೊತ್ತಿನಿಂದಲ್ಲ, ಪ್ರಸಾದ ಸ್ವೀಕರಿಸೋ ಹೊತ್ತಿನಿಂದ ಹಿಂದಕ್ಕೆ. ಭಾನುವಾರ ಪಾದ್ರಿಯ ಪ್ರಸಂಗವೆಲ್ಲ ಮುಗಿದು ಅದು 7.40ರ ಸುಮಾರಿಗೆ ಬರುತ್ತೆ, 6.30ಕ್ಕೆ ಲೋಟ ಕೆಳಗಿಟ್ಟರೆ ಧಾರಾಳ. ವಾರದ ದಿನದ ಪೂಜೆ ಚಿಕ್ಕದು, 6.15ಕ್ಕೇ ಮುಗಿಸಿ.

ವಯಸ್ಸಾದವರು, ಕಾಯಿಲೆಯವರು, ಅವರನ್ನು ನೋಡಿಕೊಳ್ಳುವವರು ಆ ಗಂಟೆಯೊಳಗೆ ತಿಂದಿದ್ದರೂ ಸ್ವೀಕರಿಸಬಹುದು. ಧರ್ಮಸಭೆಯ ಕಾನೂನಿನ 919ನೇ ವಿಧಿಯಲ್ಲೇ ಇದು ಇದೆ. ಅಜ್ಜಿಯರು ಹೇಳೋ ನಡುರಾತ್ರಿಯಿಂದಲೇ ಶುರುವಾಗೋ ಉಪವಾಸ 1957ರಲ್ಲಿ ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ಅಂದಹಾಗೆ, ಕೆಮ್ಮಿನ ಮಾತ್ರೆ ಔಷಧಿಯೇ. ಬಾಯಿ ವಾಸನೆಗೆ ಅಂತ ಪ್ರಸಂಗದ ಹೊತ್ತಲ್ಲಿ ಚೀಪೋ ಪೆಪ್ಪರ್‌ಮಿಂಟ್ ಅಲ್ಲ.