ಮಿಲ್ಕ್‌ವೀಡ್ ಬೀಜ ಮೊಳೆಯದಿರುವುದಕ್ಕೆ

ಮಿಲ್ಕ್‌ವೀಡ್ ಅಂದರೆ ಮೊನಾರ್ಕ್ ಚಿಟ್ಟೆಯ ಮರಿಹುಳುಗಳು ತಿನ್ನುವ ಗಿಡ. ಅದರ ಒಣಬೀಜವನ್ನು ನೇರ ಕುಂಡಕ್ಕೆ ಹಾಕಿ ಐದು ವಾರ ಕಾದರೂ ಮೊಳೆಯಲಿಲ್ಲ ಅಂದಿದ್ದೀರಿ. ಬೀಜಕ್ಕೆ ಚಳಿ ತಾಗಿಲ್ಲ, ಕಾರಣ ಬಹುಶಃ ಅದೇ. ಅಮೆರಿಕದ ಮಿಷಿಗನ್‌ನಲ್ಲಿ ಬೆಳೆಯುವ ಕಾಮನ್ ಮಿಲ್ಕ್‌ವೀಡ್ ಎಂಬ ಜಾತಿಯ ಬೀಜ ಹಿಮದಡಿಯ ತೇವದಲ್ಲಿ ಚಳಿಗಾಲ ಕಳೆದ ಮೇಲೆಯೇ ಚೆನ್ನಾಗಿ ಮೊಳೆಯುವುದು. ಪೇಪರ್ ಟವೆಲ್ ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ, ಉಳಿದ ಬೀಜವನ್ನು ಅದರಲ್ಲಿ ಸುತ್ತಿ, ಜಿಪ್ ಚೀಲಕ್ಕೆ ಹಾಕಿ, ತಾರೀಖು ಬರೆದು ಫ್ರಿಜ್‌ನಲ್ಲಿ 30 ದಿನ ಇಡಿ. ಫ್ರೀಜರ್ ಬೇಡವೇ ಬೇಡ. ವಾರಕ್ಕೊಮ್ಮೆ ಬಿಚ್ಚಿ ನೋಡಿ. ನೀರು ಜಿನುಗುವಷ್ಟಿದ್ದರೆ ಬೂಷ್ಟು ಹಿಡಿಯುತ್ತದೆ. ಮೊದಲ ವರ್ಷ ನಾನು ಇಡೀ ಚೀಲ ಕಳೆದುಕೊಂಡದ್ದು ಹಾಗೆಯೇ. ಆಮೇಲೆ ಬಿತ್ತಿ, ಮೇಲೆ ಕಾಲಿಂಚು ಮಣ್ಣು ಉದುರಿಸಿ, ಬಿಸಿಲು ಬೀಳುವ ಬೆಚ್ಚನೆ ಜಾಗದಲ್ಲಿಡಿ. ಎರಡು-ಮೂರು ವಾರದಲ್ಲಿ ಮೊಳಕೆ ಕಾಣಬೇಕು. ಬೀಜ ಹಳೆಯದಾಗಿದ್ದರೆ ಎಷ್ಟು ಏಳುತ್ತವೋ ಖಾತ್ರಿ ಕೊಡಲಾರೆ. ಈಗಿನ ಕುಂಡದ ಮಣ್ಣು ಚೆಲ್ಲಬೇಡಿ, ಚಳಿಗಾಲವಿಡೀ ಹೊರಗೇ ಬಿಡಿ. ಮುಂದಿನ ವಸಂತಕ್ಕೆ ಅದರಲ್ಲೂ ಕೆಲವು ಮೊಳೆಯಬಹುದು.