ಥೈರಾಯ್ಡ್ ಸ್ಟಾರ್ಮ್ ಅಂತ ಹೇಗೆ ಗೊತ್ತಾಗುತ್ತೆ, ಆಸ್ಪತ್ರೇಲಿ ಏನ್ ಮಾಡ್ತಾರೆ?

ಥೈರಾಯ್ಡ್ ಸ್ಟಾರ್ಮ್ ಅಂದ್ರೆ ಹೈಪರ್‌ಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಜಾಸ್ತಿ ಇರೋದು) ವಿಪರೀತಕ್ಕೆ ಹೋಗಿ ಜೀವಕ್ಕೇ ಅಪಾಯ ತರೋ ಸ್ಥಿತಿ. ಇದಕ್ಕೇ ಅಂತ ಬೇರೆ ಬ್ಲಡ್ ಟೆಸ್ಟ್ ಇಲ್ಲ, ಟಿಎಸ್‌ಎಚ್ (ಥೈರಾಯ್ಡನ್ನ ಕೆಲಸ ಮಾಡ್ಸೋ ಹಾರ್ಮೋನ್) ತೀರಾ ಕಡಿಮೆ, ಟಿ4 (ಥೈರಾಯ್ಡ್ ಹಾರ್ಮೋನ್) ಜಾಸ್ತಿ ಅನ್ನೋದು ಮಾಮೂಲಿ ಹೈಪರ್‌ಥೈರಾಯ್ಡಲ್ಲೂ ಇರುತ್ತೆ, ಹಾಗಾಗಿ ಡಾಕ್ಟರು ಪೇಷಂಟನ್ನ ನೋಡೇ ತೀರ್ಮಾನ ಮಾಡ್ಬೇಕು: ಮೈ ಸುಡೋ ಜ್ವರ, ನಾಡಿ 140 ದಾಟೋದು, ವಾಂತಿ-ಭೇದಿ, ಮುಖ್ಯವಾಗಿ ಪ್ರಜ್ಞೆ ತಪ್ಪಿದಂಗೆ ಏನೇನೋ ಬಡಬಡಿಸೋದು. ಬರ್ಚ್-ವಾರ್ಟಾಫ್‌ಸ್ಕಿ ಸ್ಕೋರು (ಇಂಥ ಲಕ್ಷಣಗಳಿಗೆ ಅಂಕ ಕೊಟ್ಟು ಕೂಡಿಸಿದ್ದು) 45 ಮುಟ್ಟಿದ್ರೆ ರಿಪೋರ್ಟಿಗೆ ಕಾಯದೆ ಐಸಿಯುನಲ್ಲಿ ಟ್ರೀಟ್ಮೆಂಟ್ ಶುರು ಮಾಡ್ತಾರೆ. ಹಾರ್ಟ್‌ಬೀಟ್ ತಗ್ಗಿಸೋಕೆ ಪ್ರೊಪ್ರನಲಾಲ್ (ಆಸ್ತಮಾ ಇದ್ರೆ ಹುಷಾರು), ಹೊಸ ಹಾರ್ಮೋನ್ ತಡೆಯೋಕೆ ಪಿಟಿಯು (ಪ್ರೊಪೈಲ್‌ಥಯೋಯುರಾಸಿಲ್) ಇಲ್ಲಾಂದ್ರೆ ಕಾರ್ಬಿಮಜೋಲ್, ಅದು ಕೊಟ್ಟು ಒಂದು ಗಂಟೆ ಆದ್ಮೇಲೇ ಅಯೋಡಿನ್, ಮೊದಲೇ ಕೊಟ್ರೆ ಗ್ರಂಥಿಗೆ ಕಚ್ಚಾ ಮಾಲು ಕೊಟ್ಟಂಗೆ ಆಗುತ್ತೆ. ಜೊತೆಗೆ ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್. ಜ್ವರಕ್ಕೆ ಪ್ಯಾರಾಸಿಟಮಾಲ್, ಆಸ್ಪಿರಿನ್ ಖಂಡಿತ ಬೇಡ, ಅದು ರಕ್ತದಲ್ಲಿ ಬಿಡಿ ಹಾರ್ಮೋನ್ (ಪ್ರೋಟೀನಿಗೆ ಅಂಟದೆ ಕೆಲಸ ಮಾಡೋದು) ಹೆಚ್ಚಿಸುತ್ತೆ. ಎಷ್ಟೋ ಸಲ ಹೈಪರ್‌ಥೈರಾಯ್ಡ್ ಮಾತ್ರೆ ದಿಢೀರ್ ನಿಲ್ಸಿದ್ದೇ ಇದಕ್ಕೆ ಕಾರಣ, ದಯವಿಟ್ಟು ಹಾಗೆ ಮಾಡ್ಬೇಡಿ, ಈ ಲಕ್ಷಣ ಕಂಡ್ರೆ ತಕ್ಷಣ 108ಕ್ಕೆ ಫೋನ್ ಮಾಡಿ.