80 ವೋಲ್ಟ್ ಮಿತಿಯ, ಮೋಟಾರ್ ನಡೆಸುವ ಸರ್ವೋ ಡ್ರೈವ್‌ಗೆ 48 ವೋಲ್ಟ್ ಎಸಿ ಟ್ರಾನ್ಸ್‌ಫಾರ್ಮರ್ ಸಾಕಲ್ಲವೇ?

ಬೇಡ, 45 ವೋಲ್ಟಿನದು ತಗೊಳ್ಳಿ. ರೆಕ್ಟಿಫೈ ಆದ (ಎಸಿ ಡಿಸಿಯಾದ) ಮೇಲೆ 48 ವೋಲ್ಟ್ ಸುಮಾರು 66 ಆಗುತ್ತದೆ, ನಿಜ. ಆದರೆ ಮೇನ್ಸ್ ಲೈನ್ ವೋಲ್ಟೇಜ್ 10% ಏರಿ, ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ಇನ್ನೂ 5% ಹೆಚ್ಚು ಕೊಟ್ಟರೆ 77 ಮುಟ್ಟುತ್ತದೆ. ಅದರ ಮೇಲೆ ಬ್ರೇಕ್ ಹಾಕಿದ ಮೋಟಾರ್ ಜನರೇಟರ್‌ನಂತೆ ವಿದ್ಯುತ್ತನ್ನು ವಾಪಸ್ ತಳ್ಳುತ್ತದೆ. ಡ್ರೈವ್‌ಗಳು ಸುಡುವುದು ಹೆಚ್ಚಾಗಿ ಇಲ್ಲೇ. 45ರಲ್ಲಿ ಕೆಟ್ಟ ಸ್ಥಿತಿಯಲ್ಲೂ 72ರ ಆಸುಪಾಸು.

10 ಆಂಪಿಯರ್‌ಗೆ 22,000 ಮೈಕ್ರೋಫ್ಯಾರಡ್, 100 ವೋಲ್ಟ್ ಕೆಪಾಸಿಟರ್ ಹಾಕಿ. 64ರಿಂದ 77 ವೋಲ್ಟ್‌ಗೆ ಏರುವಾಗ ಅದು ನುಂಗುವುದು ಬರೀ 20 ಜೌಲ್. ಭಾರದ ಆಕ್ಸಿಸ್ (ಮೋಟಾರ್ ಚಲಿಸುವ ಯಂತ್ರಭಾಗ) ಇದ್ದರೆ 77ರಲ್ಲಿ ಆನ್ ಆಗುವ ಬ್ರೇಕಿಂಗ್ ರೆಸಿಸ್ಟರ್ ಸರ್ಕ್ಯೂಟ್ ಬೇಕೇ ಬೇಕು.

ಕೆಪಾಸಿಟರ್‌ಗೆ ಅಡ್ಡಲಾಗಿ 1 ಕಿಲೋಓಮ್, 10 ವಾಟ್ ಬ್ಲೀಡರ್ (ಆಫ್ ಆದ ಮೇಲೆ ಚಾರ್ಜ್ ಇಳಿಸುವ ರೆಸಿಸ್ಟರ್) ಇರಲಿ. ಪೂರ್ತಿ ಇಳಿಯಲು ಎರಡು ನಿಮಿಷ ಹಿಡಿಯುತ್ತದೆ, ಆದರೂ ಮೀಟರ್ ಇಟ್ಟು ನೋಡದೆ ಮುಟ್ಟಬೇಡಿ.

ಎಮರ್ಜೆನ್ಸಿ ಸ್ಟಾಪ್ ಕಾಂಟ್ಯಾಕ್ಟರ್ (ವಿದ್ಯುತ್ ಕತ್ತರಿಸುವ ದೊಡ್ಡ ರಿಲೇ) ಟ್ರಾನ್ಸ್‌ಫಾರ್ಮರಿನ ಪ್ರೈಮರಿ, ಅಂದರೆ ಮೇನ್ಸ್, ಕಡೆ ಇರಲಿ. ಕೆಪಾಸಿಟರ್-ಡ್ರೈವ್ ನಡುವೆ ಕತ್ತರಿಸಿದರೆ ಬ್ರೇಕಿಂಗ್ ಶಕ್ತಿಗೆ ಜಾಗವೇ ಇರದೆ ಡ್ರೈವ್ ಹೋಗುತ್ತದೆ. ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಆದರೆ ಪ್ರೈಮರಿಗೆ ಸ್ಲೋ-ಬ್ಲೋ (ನಿಧಾನವಾಗಿ ಸುಡುವ) ಫ್ಯೂಸ್, ಆನ್ ಮಾಡಿದಾಗಿನ ಕರೆಂಟ್ ತಡೆಯುವ ಸಾಫ್ಟ್ ಸ್ಟಾರ್ಟ್ ಎರಡೂ ಬೇಕು. ಆಟೋಟ್ರಾನ್ಸ್‌ಫಾರ್ಮರ್ ಮಾತ್ರ ಬೇಡವೇ ಬೇಡ: ಮೇನ್ಸ್‌ನಿಂದ ಐಸೊಲೇಷನ್ (ಪ್ರತ್ಯೇಕತೆ) ಇರುವುದಿಲ್ಲ.